ನೆನಪಿನ ವಾದನ, ಬರಹದ ಹಾಳೆ: ಫ್ಲೆಚರ್ ಹೆಂಡರ್‌ಸನ್ ಮತ್ತು ಅವರ ನೃತ್ಯವಾದ್ಯವೃಂದ

ಪೀಠಿಕೆ

ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಬಂದ ಕಲೆಯೊಂದು ಬರಹಕ್ಕೆ ಇಳಿದಾಗ ಅದು ಯಾರದ್ದಾಗುತ್ತದೆ ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆ. ಹಾಡಿದವರದ್ದೋ, ಬರೆದುಕೊಂಡವರದ್ದೋ, ಅಚ್ಚು ಹಾಕಿಸಿ ಹಂಚಿದವರದ್ದೋ ಎಂಬ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಗ್ರಾಮೀಣ ಸಮುದಾಯಗಳ ಹಾಡು, ಕಥನಗಳ ಸಂದರ್ಭದಲ್ಲಿ ಎತ್ತಲಾಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಮಹಾನಗರಗಳ ನೃತ್ಯಶಾಲೆಗಳಲ್ಲಿ ಬೆಳೆದ ಜಾಝ್ ಸಂಗೀತದ ಚರಿತ್ರೆಯಲ್ಲಿಯೂ ಅದೇ ಪ್ರಶ್ನೆ ಅಷ್ಟೇ ತೀಕ್ಷ್ಣವಾಗಿ ಎದುರಾಗುತ್ತದೆ.

ಜಾಝ್ ಕುರಿತ ಜನಪ್ರಿಯ ಗ್ರಹಿಕೆಯಲ್ಲಿ ಅದು ಆಯಾ ಕ್ಷಣದಲ್ಲಿ ವಾದಕನ ಮನೋಧರ್ಮದಿಂದ ಹುಟ್ಟುವ ಸಂಗೀತ. ನೃತ್ಯವಾದ್ಯವೃಂದದ ಸಂಗೀತವಾದರೋ ಸ್ವರಲಿಪಿಯ ಹಾಳೆಗಳನ್ನು ಮುಂದಿಟ್ಟುಕೊಂಡು ಹತ್ತು ಹನ್ನೆರಡು ಮಂದಿ ಏಕಕಾಲದಲ್ಲಿ ನುಡಿಸುವಂಥದ್ದು. ಇವೆರಡನ್ನೂ ಒಂದೇ ವೇದಿಕೆಯಲ್ಲಿ ಕೂಡಿಸಿದ ಆರಂಭದ ಮೇಳಗಳಲ್ಲಿ ಫ್ಲೆಚರ್ ಹೆಂಡರ್‌ಸನ್ (1897-1952) ಅವರ ಮೇಳ ಪ್ರಮುಖವಾದುದು. ಈ ಮೇಳದಲ್ಲಿ ರೂಪುಗೊಂಡ ವಾದನಕ್ರಮವೇ 1935ರ ನಂತರ ‘ಸ್ವಿಂಗ್’ ಎಂಬ ಹೆಸರಿನಲ್ಲಿ ಅಮೆರಿಕವನ್ನೆಲ್ಲ ವ್ಯಾಪಿಸಿತು. ಆದರೆ ಆ ವ್ಯಾಪ್ತಿ ಸಾಧ್ಯವಾದದ್ದು ಮೇಳ ಚದುರಿ, ಅದರ ಹಾಳೆಗಳು ಬೇರೆಯವರ ಕೈ ಸೇರಿದ ಮೇಲೆ. ಈ ಕೂಡುವಿಕೆ ಮತ್ತು ಅಗಲಿಕೆಗಳ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೆತನ ಮತ್ತು ಶಿಕ್ಷಣ

ಹೆಂಡರ್‌ಸನ್ ಜನಿಸಿದ್ದು 1897ರ ಡಿಸೆಂಬರ್ 18ರಂದು, ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಎಂಬ ಸಣ್ಣ ಊರಿನಲ್ಲಿ. ತಂದೆ ಆಫ್ರಿಕನ್ ಅಮೆರಿಕನ್ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿ ದಶಕಗಳ ಕಾಲ ದುಡಿದವರು. ತಾಯಿ ಪಿಯಾನೊ ಶಿಕ್ಷಕಿ. ಗುಲಾಮಗಿರಿ ಅಳಿದ ನಂತರದ ಮೊದಲ ತಲೆಮಾರುಗಳ ವಿದ್ಯಾವಂತ ಕಪ್ಪು ಕುಟುಂಬಗಳಿಗೆ ಶಿಕ್ಷಣವೇ ಆತ್ಮಗೌರವದ ಏಣಿಯಾಗಿತ್ತು. ಅಂತಹ ಮನೆಗಳಲ್ಲಿ ಯುರೋಪಿನ ಶಾಸ್ತ್ರೀಯ ಸಂಗೀತಕ್ಕೆ ಮನ್ನಣೆ ಇತ್ತು. ಕೂಲಿಕಾರರ, ಬೀದಿಗಾಯಕರ ಬ್ಲೂಸ್ ಹಾಡಿಗೆ ಪ್ರವೇಶವಿರಲಿಲ್ಲ. ಫ್ಲೆಚರ್ ಮತ್ತು ಅವರ ತಮ್ಮ ಹೊರೇಸ್ ಇಬ್ಬರೂ ಬಾಲ್ಯದಲ್ಲಿಯೇ ಸ್ವರಲಿಪಿ ನೋಡಿ ಪಿಯಾನೊ ನುಡಿಸುವುದನ್ನು ಕಲಿತರು. ಮುಂದೆ ಜಾಝ್ ಚರಿತ್ರೆಯಲ್ಲಿ ಹೆಸರಾದ ಈ ಸಹೋದರರು ತಮ್ಮದೇ ಸಮುದಾಯದ ಮೌಖಿಕ ಸಂಗೀತವನ್ನು ಮನೆಯ ಹೊರಗೆ, ದೊಡ್ಡವರಾದ ಮೇಲೆ ಕಲಿಯಬೇಕಾಯಿತು ಎಂಬುದು ಗಮನಾರ್ಹ.

ಫ್ಲೆಚರ್ 1920ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅವರ ವಿಷಯಗಳು ರಸಾಯನಶಾಸ್ತ್ರ ಮತ್ತು ಗಣಿತ. ಅದೇ ವರ್ಷ ಉನ್ನತ ವ್ಯಾಸಂಗದ ಆಸೆಯಿಂದ ನ್ಯೂಯಾರ್ಕಿಗೆ ಬಂದರು. ಕಪ್ಪು ವರ್ಣದ ರಸಾಯನಶಾಸ್ತ್ರ ಪದವೀಧರನಿಗೆ ಅಂದು ತೆರೆದಿದ್ದ ದಾರಿಗಳು ಬಹಳ ಕಡಿಮೆ. ಹೊಟ್ಟೆಪಾಡಿಗಾಗಿ ಅವರು ಸೇರಿದ್ದು ಹ್ಯಾರಿ ಪೇಸ್ ಮತ್ತು ಡಬ್ಲ್ಯು. ಸಿ. ಹ್ಯಾಂಡಿ ಅವರ ಸಂಗೀತ ಪ್ರಕಾಶನ ಸಂಸ್ಥೆಯನ್ನು. ರೇಡಿಯೊ ಇನ್ನೂ ಮನೆಮನೆಗೆ ಬಾರದ ಆ ದಿನಗಳಲ್ಲಿ ಹಾಡುಗಳು ಮಾರಾಟವಾಗುತ್ತಿದ್ದುದು ಮುದ್ರಿತ ಸ್ವರಲಿಪಿಯ ಹಾಳೆಗಳಾಗಿ. ಹೊಸ ಹಾಡನ್ನು ಗಿರಾಕಿಗಳ ಎದುರು ನುಡಿಸಿ ತೋರಿಸುವ ಪಿಯಾನೊ ವಾದಕ ಪ್ರಕಾಶಕರಿಗೆ ಅಗತ್ಯವಾಗಿದ್ದ. ಹೆಂಡರ್‌ಸನ್ನರ ಮೊದಲ ಉದ್ಯೋಗ ಅದು. ಹೀಗೆ ಅವರ ಸಂಗೀತ ಜೀವನ ಆರಂಭವಾದದ್ದೇ ಹಾಳೆಯ ವ್ಯಾಪಾರದಿಂದ.

ಬ್ಲ್ಯಾಕ್ ಸ್ವಾನ್ ಮತ್ತು ಬ್ಲೂಸ್ ಕಲಿಕೆ

1920ರ ಆಗಸ್ಟಿನಲ್ಲಿ ಗಾಯಕಿ ಮೇಮಿ ಸ್ಮಿತ್ ಧ್ವನಿಮುದ್ರಿಸಿದ ‘ಕ್ರೇಜಿ ಬ್ಲೂಸ್’ ಅನಿರೀಕ್ಷಿತ ಪ್ರಮಾಣದಲ್ಲಿ ಮಾರಾಟವಾಯಿತು. ಕಪ್ಪು ಜನರೂ ಗ್ರಾಮಾಫೋನ್ ತಟ್ಟೆಗಳನ್ನು ಕೊಳ್ಳುತ್ತಾರೆ ಎಂಬ ಸಂಗತಿ ಅದರಿಂದ ಕಂಪನಿಗಳಿಗೆ ಮನದಟ್ಟಾಯಿತು. ಈ ಬೆಳವಣಿಗೆಯನ್ನು ಗಮನಿಸಿದ ಹ್ಯಾರಿ ಪೇಸ್ 1921ರಲ್ಲಿ ಹ್ಯಾಂಡಿಯವರಿಂದ ಬೇರೆಯಾಗಿ ಸ್ವಂತ ಧ್ವನಿಮುದ್ರಣ ಸಂಸ್ಥೆ ಸ್ಥಾಪಿಸಿದರು. ಅದರ ತಟ್ಟೆಗಳಿಗೆ ಹತ್ತೊಂಬತ್ತನೆಯ ಶತಮಾನದ ಕಪ್ಪು ಗಾಯಕಿ ಎಲಿಜಬೆತ್ ಟೇಲರ್ ಗ್ರೀನ್‌ಫೀಲ್ಡ್ ಅವರ ಬಿರುದಿನಿಂದ ‘ಬ್ಲ್ಯಾಕ್ ಸ್ವಾನ್’ ಎಂದು ಹೆಸರಿಡಲಾಯಿತು. ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅದರ ನಿರ್ದೇಶಕ ಮಂಡಳಿಯಲ್ಲಿದ್ದರು. ಆಫ್ರಿಕನ್ ಅಮೆರಿಕನ್ನರ ಒಡೆತನದ ಆ ಕಾಲದ ಅತ್ಯಂತ ಪ್ರಸಿದ್ಧ ಧ್ವನಿಮುದ್ರಣ ಸಂಸ್ಥೆ ಇದು. ಧ್ವನಿಮುದ್ರಣಗಳ ಸಂಗೀತದ ಹೊಣೆ ಹೆಂಡರ್‌ಸನ್ನರದಾಯಿತು.

ಸಂಸ್ಥೆಗೆ ಮೊದಲ ದೊಡ್ಡ ಯಶಸ್ಸು ತಂದವರು ಎಥೆಲ್ ವಾಟರ್ಸ್. 1921-22ರಲ್ಲಿ ವಾಟರ್ಸ್ ಅವರ ಪ್ರವಾಸಿ ಮೇಳಕ್ಕೆ ಹೆಂಡರ್‌ಸನ್ ನೇತೃತ್ವ ವಹಿಸಿದರು. ಈ ಪ್ರವಾಸದ ಎರಡು ಪ್ರಸಂಗಗಳು ವಾಟರ್ಸ್ ಅವರ ಆತ್ಮಕಥನದಿಂದ ತಿಳಿದುಬರುತ್ತವೆ. ಬ್ಲೂಸ್ ಗಾಯಕಿಯೊಡನೆ ಊರೂರು ತಿರುಗುವುದು ಮನೆತನದ ಗೌರವಕ್ಕೆ ತಕ್ಕುದೇ ಎಂದು ಹೆಂಡರ್‌ಸನ್ ಕುಟುಂಬದವರು ಜಾರ್ಜಿಯಾದಿಂದ ಬಂದು ವಿಚಾರಿಸಿ ಹೋದದ್ದು ಒಂದು. ಇನ್ನೊಂದು, ಹೆಂಡರ್‌ಸನ್ನರ ಪಿಯಾನೊದಲ್ಲಿ ಬ್ಲೂಸಿಗೆ ಬೇಕಾದ ಕಸುವು ಇಲ್ಲವೆಂದು ವಾಟರ್ಸ್ ತಕರಾರು ತೆಗೆದದ್ದು. ಹಾರ್ಲೆಮ್‌ನ ಪ್ರಸಿದ್ಧ ವಾದಕ ಜೇಮ್ಸ್ ಪಿ. ಜಾನ್ಸನ್ ಅವರ ವಾದನವನ್ನು ಅಚ್ಚೊತ್ತಿದ ಯಾಂತ್ರಿಕ ಪಿಯಾನೊ ಸುರುಳಿಗಳನ್ನು ಕೇಳಿ ಕಲಿಯುವಂತೆ ಅವರು ಒತ್ತಾಯಿಸಿದರು. ಹೆಂಡರ್‌ಸನ್ ಹಾಗೆಯೇ ಕಲಿತರು. ಲಿಪಿಯ ಶಿಸ್ತಿನಲ್ಲಿ ಬೆಳೆದ ಪದವೀಧರನಿಗೆ ಶಾಲೆಯ ಹೊರಗೆ ಕಲಿತ ಗಾಯಕಿ ಗುರುವಾದ ಈ ಸಂದರ್ಭ ಅವರ ಮುಂದಿನ ಸಾಧನೆಗೆ ತಳಹದಿಯಾಯಿತು. 1923ರಿಂದ ಬೆಸ್ಸಿ ಸ್ಮಿತ್ ಅವರ ಧ್ವನಿಮುದ್ರಣಗಳಲ್ಲಿಯೂ ಅವರು ಪಿಯಾನೊ ಸಾಥ್ ನೀಡಿದರು. ಬ್ಲ್ಯಾಕ್ ಸ್ವಾನ್ ಮಾತ್ರ ಹೆಚ್ಚು ಕಾಲ ಬಾಳಲಿಲ್ಲ. ಬಿಳಿಯರ ಒಡೆತನದ ದೊಡ್ಡ ಕಂಪನಿಗಳ ಪೈಪೋಟಿಯನ್ನು ತಾಳಲಾರದೆ ಅದರ ಧ್ವನಿಮುದ್ರಣಗಳು 1924ರಲ್ಲಿ ಪ್ಯಾರಾಮೌಂಟ್ ಕಂಪನಿಯ ವಶವಾದವು.

ರೋಸ್‌ಲ್ಯಾಂಡ್ ನೃತ್ಯಶಾಲೆ

ಧ್ವನಿಮುದ್ರಣ ಕೊಠಡಿಗಳಲ್ಲಿ ಕೂಡುತ್ತಿದ್ದ ವಾದ್ಯಗಾರರೇ ಕ್ರಮೇಣ ಒಂದು ಸ್ಥಿರ ಮೇಳವಾದರು. 1924ರ ಆರಂಭದಲ್ಲಿ ಈ ಮೇಳ ‘ಕ್ಲಬ್ ಅಲಬಾಮ್’ನಲ್ಲಿ ನುಡಿಸಿತು. ಅದೇ ವರ್ಷದ ಬೇಸಿಗೆಯಲ್ಲಿ ಬ್ರಾಡ್‌ವೇಯ ರೋಸ್‌ಲ್ಯಾಂಡ್ ನೃತ್ಯಶಾಲೆಗೆ ಬಂದಿತು. ಮುಂದಿನ ಸುಮಾರು ಹತ್ತು ವರ್ಷಗಳ ಕಾಲ, ನಡುನಡುವೆ ಪ್ರವಾಸಗಳಿದ್ದರೂ, ರೋಸ್‌ಲ್ಯಾಂಡ್ ಅದರ ನೆಲೆಯಾಗಿತ್ತು.

ಈ ನೃತ್ಯಶಾಲೆಯ ಸಾಮಾಜಿಕ ಸ್ವರೂಪವನ್ನು ಗಮನಿಸಬೇಕು. ಅಲ್ಲಿ ಕುಣಿಯಲು ಬಿಳಿಯರಿಗೆ ಮಾತ್ರ ಅವಕಾಶವಿತ್ತು. ವೇದಿಕೆಯ ಮೇಲೆ ನುಡಿಸುತ್ತಿದ್ದವರು ಕಪ್ಪು ವರ್ಣದವರು. ನೃತ್ಯ ಎಡೆಬಿಡದೆ ಸಾಗಬೇಕಾಗಿದ್ದುದರಿಂದ ಎರಡು ಮೇಳಗಳು ಸರದಿಯ ಮೇಲೆ ನುಡಿಸುತ್ತಿದ್ದವು. ವಾಲ್ಟ್ಜ್, ಫಾಕ್ಸ್‌ಟ್ರಾಟ್, ಟ್ಯಾಂಗೊ ಮೊದಲಾದ ಎಲ್ಲ ಬಗೆಯ ಕುಣಿತಗಳಿಗೂ ಮೇಳ ಸಿದ್ಧವಿರಬೇಕಾಗಿತ್ತು. ವಾರವಾರವೂ ಪ್ರಕಾಶಕರಿಂದ ಬರುತ್ತಿದ್ದ ಹೊಸ ಹಾಡುಗಳನ್ನು ನೋಡಿದ ಕೂಡಲೇ ನುಡಿಸಬೇಕಾಗಿತ್ತು. ಲಿಪಿ ಓದಬಲ್ಲವರಿಗೆ ಮಾತ್ರ ಈ ಕೆಲಸ ಸಾಧ್ಯ. ಬಿಳಿಯ ಮೇಳಗಾರ ಪಾಲ್ ವೈಟ್‌ಮನ್ ಆ ಕಾಲದಲ್ಲಿ ‘ಜಾಝ್ ಸಾಮ್ರಾಟ’ ಎನಿಸಿಕೊಂಡಿದ್ದರು. ಹೆಂಡರ್‌ಸನ್ನರನ್ನು ಕಪ್ಪು ಜನರ ಪಾಲ್ ವೈಟ್‌ಮನ್ ಎಂದು ಕರೆಯುವುದು ರೂಢಿಗೆ ಬಂದಿತ್ತು. ಅದು ಹೊಗಳಿಕೆಯೂ ಹೌದು, ಕಟ್ಟುಪಾಡೂ ಹೌದು.

ಮೇಳಕ್ಕೆ ಹೊಸ ದಾರಿ ತೋರಿದವರು ಸ್ಯಾಕ್ಸೊಫೋನ್ ವಾದಕ ಡಾನ್ ರೆಡ್‌ಮನ್. ವೆಸ್ಟ್ ವರ್ಜೀನಿಯಾದವರಾದ ಇವರು ಸಂಗೀತವನ್ನು ಕ್ರಮಬದ್ಧವಾಗಿ ಅಭ್ಯಸಿಸಿದವರು. ಮೇಳದ ವಾದ್ಯವಿನ್ಯಾಸ, ಎಂದರೆ ಒಂದು ಹಾಡಿನ ಯಾವ ಭಾಗವನ್ನು ಯಾವ ವಾದ್ಯಗಳು ಹೇಗೆ ನುಡಿಸಬೇಕೆಂದು ಬರೆದು ಗೊತ್ತುಪಡಿಸುವ ಕೆಲಸ, ಅವರದಾಗಿತ್ತು. ಅವರು ಮೇಳವನ್ನು ಟ್ರಂಪೆಟ್, ಟ್ರೊಂಬೋನ್‌ಗಳ ಹಿತ್ತಾಳೆ ವಾದ್ಯಗಳ ಗುಂಪು ಹಾಗೂ ಸ್ಯಾಕ್ಸೊಫೋನ್, ಕ್ಲಾರಿನೆಟ್‌ಗಳ ಗುಂಪು ಎಂದು ವಿಭಾಗಿಸಿದರು. ಒಂದು ಗುಂಪು ಸೊಲ್ಲೆತ್ತಿದರೆ ಇನ್ನೊಂದು ಮರುಸೊಲ್ಲು ನೀಡುವಂತೆ ಬರೆದರು. ಒಬ್ಬರು ಎತ್ತಿಕೊಟ್ಟದ್ದಕ್ಕೆ ಸಮೂಹ ಓಗೊಡುವ ಈ ಕ್ರಮ ಆಫ್ರಿಕನ್ ಅಮೆರಿಕನ್ನರ ದುಡಿಮೆಯ ಹಾಡುಗಳಲ್ಲಿ, ಚರ್ಚುಗಳ ಸಾಮೂಹಿಕ ಗಾಯನದಲ್ಲಿ ಮೊದಲಿನಿಂದ ಇದ್ದುದು. ಆ ಮೌಖಿಕ ರಚನಾತಂತ್ರ ರೆಡ್‌ಮನ್ನರ ಹಾಳೆಗಳಲ್ಲಿ ಲಿಖಿತ ರೂಪ ಪಡೆಯಿತು.

ಒಂದು ಸೊಲ್ಲಿನ ಪಯಣ

1924ರ ಶರತ್ಕಾಲದಲ್ಲಿ ಷಿಕಾಗೊದ ಕಿಂಗ್ ಆಲಿವರ್ ಅವರ ಮೇಳದಲ್ಲಿ ಹೆಸರು ಮಾಡಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ ಹೆಂಡರ್‌ಸನ್ನರ ಮೇಳವನ್ನು ಸೇರಿದರು. ನ್ಯೂ ಆರ್ಲಿಯನ್ಸಿನ ಕಡುಬಡತನದಲ್ಲಿ ಹುಟ್ಟಿ, ಕೇಳಿ ಕಲಿತ ಪರಂಪರೆಯಲ್ಲಿ ಬೆಳೆದ ಆರ್ಮ್‌ಸ್ಟ್ರಾಂಗ್, ಪದವೀಧರರೂ ಶಿಷ್ಟ ಉಡುಗೆಯವರೂ ಆದ ನ್ಯೂಯಾರ್ಕಿನ ವಾದ್ಯಗಾರರ ನಡುವೆ ಮೊದಮೊದಲು ಹೊರಗಿನವರಾಗಿಯೇ ಕಂಡರು. ಆದರೆ ಕೆಲವೇ ತಿಂಗಳಲ್ಲಿ ಮೇಳದ ಲಯದ ನಡೆಯೇ ಬದಲಾಯಿತು. ಟೆನರ್ ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ ಅವರ ವಾದನವೂ ಹೊಸ ತಿರುವು ಪಡೆಯಿತು.

ಈ ಕೊಡುಕೊಳ್ಳುವಿಕೆಗೆ ಉತ್ತಮ ನಿದರ್ಶನ ‘ಶುಗರ್ ಫುಟ್ ಸ್ಟಾಂಪ್’. ಇದರ ಮೂಲ ಆಲಿವರ್ ಮೇಳ 1923ರಲ್ಲಿ ಧ್ವನಿಮುದ್ರಿಸಿದ ‘ಡಿಪ್ಪರ್‌ಮೌತ್ ಬ್ಲೂಸ್’. ಆರ್ಮ್‌ಸ್ಟ್ರಾಂಗ್ ತಮ್ಮೊಡನೆ ತಂದಿದ್ದ ಪುಟ್ಟ ಪುಸ್ತಕವೊಂದರಿಂದ ಈ ರಚನೆಯನ್ನು ಆಯ್ದು ಮೇಳಕ್ಕೆ ಅಳವಡಿಸಿದುದಾಗಿ ರೆಡ್‌ಮನ್ ಮುಂದೆ ನೆನಪಿಸಿಕೊಂಡಿದ್ದಾರೆ. 1925ರ ಮೇ 29ರಂದು ಅದರ ಧ್ವನಿಮುದ್ರಣವಾಯಿತು. ಇಡೀ ಹಾಡನ್ನು ಹೊಸದಾಗಿ ವಿನ್ಯಾಸಗೊಳಿಸಿದರೂ ಮೂಲದಲ್ಲಿ ಆಲಿವರ್ ಕಾರ್ನೆಟ್ಟಿನಲ್ಲಿ ನುಡಿಸಿದ್ದ ಮೂರು ಆವರ್ತನಗಳ ಏಕವಾದನವನ್ನು ಆರ್ಮ್‌ಸ್ಟ್ರಾಂಗ್ ಬಹುತೇಕ ಹಾಗೆಯೇ ಉಳಿಸಿಕೊಂಡರು. ಮನೋಧರ್ಮಕ್ಕೆ ಹೆಸರಾದ ವಾದಕನೇ ಗುರುವಿನ ಸೊಲ್ಲನ್ನು ಬದಲಿಸದೆ ನುಡಿಸಿದುದು ಇಲ್ಲಿ ಮುಖ್ಯ. ಆ ವೇಳೆಗಾಗಲೇ ಅದು ಆಲಿವರ್ ಒಬ್ಬರ ಕ್ಷಣದ ಕಲ್ಪನೆಯಾಗಿ ಉಳಿದಿರಲಿಲ್ಲ. ಆ ಹಾಡಿಗೆ ಕೂಡಿಕೊಂಡ ಪರಂಪರೆಯ ಸೊತ್ತಾಗಿತ್ತು. ಮೇಳ 1931ರಲ್ಲಿ ಅದೇ ಹಾಡನ್ನು ಮತ್ತೆ ಮುದ್ರಿಸಿದಾಗಲೂ, 1937ರಲ್ಲಿ ಬೆನ್ನಿ ಗುಡ್‌ಮನ್ ಮೇಳ ಅದನ್ನು ನುಡಿಸಿದಾಗಲೂ ಆಲಿವರ್ ಅವರ ಆ ಭಾಗ ಬೇರೆ ಬೇರೆ ವಾದಕರಿಂದ ಮುಂದುವರಿಯಿತು.

ಇದೇ ಬಗೆಯ ಇನ್ನೊಂದು ಪ್ರಸಂಗ ವರ್ಣದ ಗೆರೆಯನ್ನು ಎದುರು ದಿಕ್ಕಿನಿಂದ ದಾಟಿದುದು. 1926ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನ ಜೀನ್ ಗೋಲ್ಡ್‌ಕೆಟ್ ಅವರ ಬಿಳಿಯ ಮೇಳ ರೋಸ್‌ಲ್ಯಾಂಡಿಗೆ ಬಂದು ಹೆಂಡರ್‌ಸನ್ ಮೇಳದೊಡನೆ ಪೈಪೋಟಿಗೆ ನಿಂತಿತು. ಅಂದು ತಾವು ಸೋತುದಾಗಿ ಹೆಂಡರ್‌ಸನ್ ಮೇಳದ ಕಾರ್ನೆಟ್ ವಾದಕ ರೆಕ್ಸ್ ಸ್ಟುವರ್ಟ್ ಬರೆದಿದ್ದಾರೆ. ಗೋಲ್ಡ್‌ಕೆಟ್ ಮೇಳದ ಬಿಕ್ಸ್ ಬೈಡರ್‌ಬೆಕ್ 1927ರಲ್ಲಿ ‘ಸಿಂಗಿನ್ ದ ಬ್ಲೂಸ್’ ಹಾಡಿನಲ್ಲಿ ನುಡಿಸಿದ ಏಕವಾದನವನ್ನು 1931ರ ಹೆಂಡರ್‌ಸನ್ ಧ್ವನಿಮುದ್ರಣದಲ್ಲಿ ಸ್ಟುವರ್ಟ್ ಗೌರವಪೂರ್ವಕವಾಗಿ ಅನುಸರಿಸಿದರು. ಗ್ರಾಮಾಫೋನ್ ತಟ್ಟೆ ಇಲ್ಲಿ ಲಿಪಿಯ ಕೆಲಸವನ್ನಲ್ಲ, ಮೌಖಿಕ ಪ್ರಸರಣದ ಕೆಲಸವನ್ನು ಮಾಡಿತು.

ಹಾಳೆಯಿಲ್ಲದ ವಿನ್ಯಾಸ

ಆರ್ಮ್‌ಸ್ಟ್ರಾಂಗ್ 1925ರ ನವೆಂಬರಿನಲ್ಲಿ ಷಿಕಾಗೊಗೆ ಮರಳಿದರು. 1927ರಲ್ಲಿ ರೆಡ್‌ಮನ್ ಬೇರೊಂದು ಮೇಳದ ನಾಯಕತ್ವ ವಹಿಸಿ ಹೊರಟುಹೋದರು. ಬರೆದುಕೊಡುವವರಿಲ್ಲದಾಗ ಮೇಳ ತನ್ನ ನೆನಪನ್ನೇ ಆಶ್ರಯಿಸಿತು. ಒಬ್ಬ ವಾದಕ ಒಂದು ಸಣ್ಣ ಸೊಲ್ಲನ್ನು ನುಡಿಸುವುದು, ಪಕ್ಕದವರು ಅದಕ್ಕೆ ಜೊತೆ ಸೇರಿಸುವುದು, ಎದುರು ಗುಂಪು ಉತ್ತರ ಕಟ್ಟುವುದು, ರಾತ್ರಿಯಿಂದ ರಾತ್ರಿಗೆ ಅದು ತಿದ್ದಿಕೊಂಡು ಗಟ್ಟಿಯಾಗುವುದು ಈ ಪದ್ಧತಿಯ ಕ್ರಮ. ಕಾಗದದಲ್ಲಿಲ್ಲದೆ ತಲೆಯಲ್ಲಿಯೇ ಇರುವ ಇಂತಹ ವಿನ್ಯಾಸಕ್ಕೆ ವಾದ್ಯಗಾರರು ‘ಹೆಡ್’ ಎಂದೇ ಹೆಸರಿಟ್ಟಿದ್ದರು.

ಜೆಲ್ಲಿ ರೋಲ್ ಮಾರ್ಟನ್ ಅವರ ಪಿಯಾನೊ ರಚನೆ ‘ಕಿಂಗ್ ಪೋರ್ಟರ್ ಸ್ಟಾಂಪ್’ ಈ ಕ್ರಮದಲ್ಲಿ ಮೇಳದ ಸೊತ್ತಾಯಿತು. 1928, 1932 ಮತ್ತು 1933ರಲ್ಲಿ ಮೇಳ ಅದನ್ನು ಮೂರು ಬಾರಿ ಧ್ವನಿಮುದ್ರಿಸಿತು. ಒಂದೇ ಕಥನದ ಮೂರು ಪಾಠಗಳನ್ನು ಹೋಲಿಸುವಂತೆ ಇವನ್ನು ಹೋಲಿಸಬಹುದು. ಸ್ಥೂಲ ಚೌಕಟ್ಟು ಉಳಿಯುತ್ತದೆ. ಏಕವಾದನಗಳ ಸ್ವರೂಪ, ಹಿನ್ನೆಲೆಯ ಸೊಲ್ಲುಗಳು ಬದಲಾಗುತ್ತವೆ. ಕೊನೆಯ ಆವರ್ತನಗಳಲ್ಲಿ ಎರಡು ಗುಂಪುಗಳ ಸೊಲ್ಲು-ಮರುಸೊಲ್ಲು ಮೊನಚಾಗುತ್ತದೆ. ಇದರ ಕರ್ತೃ ಯಾರೆಂದರೆ ಮಾರ್ಟನ್ ಎನ್ನಬಹುದು, ಹೆಂಡರ್‌ಸನ್ ಎನ್ನಬಹುದು. ಐದಾರು ವರ್ಷ ಅದನ್ನು ತಿದ್ದಿ ತೀಡಿದ ವಾದ್ಯಗಾರರ ಸಮೂಹವೆಂಬುದು ಹೆಚ್ಚು ಸರಿಯಾದ ಉತ್ತರ.

ಮೇಳದ ಅವನತಿ

ಇಷ್ಟು ಸಮರ್ಥ ಮೇಳ ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಸಾಮಾನ್ಯವಾಗಿ ನಾಯಕನ ಸ್ವಭಾವವನ್ನು ಕಾರಣವಾಗಿ ಹೇಳುವುದುಂಟು. ಹೆಂಡರ್‌ಸನ್ ಮೃದು ಸ್ವಭಾವದವರು. ಗದರಿಸಿ ಶಿಸ್ತು ತರುವವರಲ್ಲ. 1928ರಲ್ಲಿ ಕೆಂಟಕಿಯಲ್ಲಿ ಸಂಭವಿಸಿದ ಕಾರು ಅಪಘಾತದ ನಂತರ ಅವರು ಮೊದಲಿನಂತೆ ಇರಲಿಲ್ಲವೆಂದು ಪತ್ನಿ ಲಿಯೋರಾ ಹೇಳಿದ್ದಾರೆ. 1929ರಲ್ಲಿ ‘ಗ್ರೇಟ್ ಡೇ’ ಎಂಬ ಸಂಗೀತ ನಾಟಕದ ತಾಲೀಮಿನಲ್ಲಿ ಮೇಳದವರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಜಾಗಕ್ಕೆ ಬೇರೆಯವರನ್ನು ತಂದಾಗ ನಾಯಕ ಪ್ರತಿಭಟಿಸಲಿಲ್ಲವೆಂಬ ನೋವಿನಿಂದ ಹಲವು ಹಳೆಯ ವಾದ್ಯಗಾರರು ಅಗಲಿದರು.

ಆದರೆ ಸ್ವಭಾವವೊಂದೇ ಕಾರಣವೆನ್ನುವುದು ಸಮಂಜಸವಲ್ಲ. 1929ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಧ್ವನಿಮುದ್ರಿಕೆಗಳ ಉದ್ಯಮವೇ ನೆಲಕಚ್ಚಿತು. 1927ರಲ್ಲಿ ಸುಮಾರು 10 ಕೋಟಿಯಷ್ಟಿದ್ದ ವಾರ್ಷಿಕ ಮಾರಾಟ 1932ರ ಹೊತ್ತಿಗೆ ಸುಮಾರು 60 ಲಕ್ಷಕ್ಕೆ ಇಳಿಯಿತು. ಉಳಿದುಕೊಂಡ ಆದಾಯದ ಮೂಲವೆಂದರೆ ರೇಡಿಯೊ. ದೇಶವ್ಯಾಪಿ ಪ್ರಾಯೋಜಿತ ಕಾರ್ಯಕ್ರಮಗಳು ಕಪ್ಪು ಮೇಳಗಳಿಗೆ ದೊರೆಯುವುದು ಅತಿ ದುರ್ಲಭವಾಗಿತ್ತು. ಪ್ರವಾಸದಲ್ಲಿ ಊಟ, ವಸತಿಗೂ ವರ್ಣಭೇದ ಅಡ್ಡಿಯಾಗಿತ್ತು. 1934ರ ಮಾರ್ಚಿನಲ್ಲಿ ಹಾಕಿನ್ಸ್ ಇಂಗ್ಲೆಂಡಿಗೆ ಹೊರಟರು. ಅದೇ ಸೆಪ್ಟೆಂಬರಿನಲ್ಲಿ ಮೇಳ ಡೆಕ್ಕಾ ಕಂಪನಿಗೆ ‘ಡೌನ್ ಸೌತ್ ಕ್ಯಾಂಪ್ ಮೀಟಿಂಗ್’, ‘ರ‍್ಯಾಪಿನ್ ಇಟ್ ಅಪ್’ ಮೊದಲಾದ ಉತ್ಕೃಷ್ಟ ಧ್ವನಿಮುದ್ರಣಗಳನ್ನು ನೀಡಿತು. ಈ ವೇಳೆಗೆ ಹೆಂಡರ್‌ಸನ್ ಸ್ವತಃ ನುರಿತ ವಿನ್ಯಾಸಕಾರರಾಗಿದ್ದರು. ಆದರೆ ಎರಡೇ ತಿಂಗಳಲ್ಲಿ, ನವೆಂಬರಿನಲ್ಲಿ, ಡೆಟ್ರಾಯಿಟ್‌ನಲ್ಲಿ ಮೇಳ ಒಡೆಯಿತು.

ಹಾಳೆಗಳ ಹಸ್ತಾಂತರ

ಮೇಳ ಒಡೆದ ಮರುತಿಂಗಳೇ, 1934ರ ಡಿಸೆಂಬರಿನಲ್ಲಿ, ಎನ್‌ಬಿಸಿ ರೇಡಿಯೊದಲ್ಲಿ ‘ಲೆಟ್ಸ್ ಡ್ಯಾನ್ಸ್’ ಎಂಬ ಶನಿವಾರ ರಾತ್ರಿಯ ಕಾರ್ಯಕ್ರಮ ಆರಂಭವಾಯಿತು. ಬಿಸ್ಕತ್ತು ಕಂಪನಿಯೊಂದು ಅದರ ಪ್ರಾಯೋಜಕ. ಅದರಲ್ಲಿ ನುಡಿಸಿದ ಮೂರು ಮೇಳಗಳಲ್ಲಿ ಒಂದು ಬಿಳಿಯ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರದು. ಹೊಸ ವಾದ್ಯವಿನ್ಯಾಸಗಳಿಗಾಗಿ ಕಾರ್ಯಕ್ರಮದಲ್ಲಿ ಹಣ ಮೀಸಲಾಗಿತ್ತು. ವಿಮರ್ಶಕ ಜಾನ್ ಹ್ಯಾಮಂಡ್ ಅವರ ಸಲಹೆಯಂತೆ ಗುಡ್‌ಮನ್ ಹೆಂಡರ್‌ಸನ್ನರಿಂದ ವಿನ್ಯಾಸಗಳನ್ನು ಕೊಂಡರು. ಒಂದಕ್ಕೆ ಸುಮಾರು 37 ಡಾಲರ್ ಎಂಬುದು ಜಾಝ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಅಂಕಿ.

ಮೇಳದಲ್ಲಿ ನೆನಪಿನಲ್ಲಿಯೇ ಇದ್ದ ‘ಕಿಂಗ್ ಪೋರ್ಟರ್ ಸ್ಟಾಂಪ್’ ಈಗ ಬೇರೊಂದು ಮೇಳಕ್ಕಾಗಿ ಬರಹಕ್ಕೆ ಇಳಿಯಿತು. ಗುಡ್‌ಮನ್ ಅದನ್ನು 1935ರ ಜುಲೈ 1ರಂದು ಧ್ವನಿಮುದ್ರಿಸಿದರು. ಅದೇ ವರ್ಷದ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ನೃತ್ಯಶಾಲೆಯಲ್ಲಿ ಹೆಂಡರ್‌ಸನ್ನರ ವಿನ್ಯಾಸಗಳನ್ನು ನುಡಿಸಿದಾಗ ಯುವಜನ ಮುಗಿಬಿದ್ದರು. ಸ್ವಿಂಗ್ ಯುಗದ ಆರಂಭವನ್ನು ಚರಿತ್ರಕಾರರು ಸಾಮಾನ್ಯವಾಗಿ ಆ ರಾತ್ರಿಯಿಂದ ಗುರುತಿಸುತ್ತಾರೆ.

ಗುಡ್‌ಮನ್ ಅವರನ್ನು ಅಪಹರಣಕಾರರೆಂದು ಚಿತ್ರಿಸುವುದು ತಪ್ಪಾಗುತ್ತದೆ. ಅವರು ಹಣ ಕೊಟ್ಟು ಕೊಂಡರು. ಹೆಂಡರ್‌ಸನ್ನರ ಋಣವನ್ನು 1939ರ ತಮ್ಮ ಆತ್ಮಕಥೆಯಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡರು. ಅದೇ ವರ್ಷ ಅವರನ್ನು ತಮ್ಮ ಮೇಳದಲ್ಲಿ ವಿನ್ಯಾಸಕಾರರಾಗಿ, ಕೆಲಕಾಲ ಪಿಯಾನೊ ವಾದಕರಾಗಿಯೂ ಸೇರಿಸಿಕೊಂಡರು. ಇಲ್ಲಿರುವುದು ವ್ಯಕ್ತಿಯ ಅನ್ಯಾಯಕ್ಕಿಂತ ವ್ಯವಸ್ಥೆಯ ಅನ್ಯಾಯ. ಹಾಳೆ ವರ್ಣದ ಗೆರೆಯನ್ನು ದಾಟಬಲ್ಲುದಾಗಿತ್ತು; ಹಾಳೆಯ ಹಿಂದಿನ ಜನ ದಾಟಲಾರದವರಾಗಿದ್ದರು. ಲಿಪಿಗೆ ಬೆಲೆ ಕಟ್ಟಲು ಮಾರುಕಟ್ಟೆಗೆ ತಿಳಿದಿತ್ತು. ಆ ಲಿಪಿಯನ್ನು ಸಾಧ್ಯವಾಗಿಸಿದ ಸಾಮೂಹಿಕ ನೆನಪಿಗೆ ಬೆಲೆ ಕಟ್ಟುವ ಕ್ರಮ ಅದಕ್ಕೆ ತಿಳಿದಿರಲಿಲ್ಲ.

ಕೊನೆಯ ದಿನಗಳು

1936ರಲ್ಲಿ ಹೆಂಡರ್‌ಸನ್ ಮತ್ತೆ ಮೇಳ ಕಟ್ಟಿದರು. ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್, ಸ್ಯಾಕ್ಸೊಫೋನ್ ವಾದಕ ಚೂ ಬೆರಿ ಅವರಿದ್ದ ಈ ಮೇಳ ಷಿಕಾಗೊದ ಗ್ರ್ಯಾಂಡ್ ಟೆರೇಸ್‌ನಲ್ಲಿ ನುಡಿಸಿತು. ಅದರ ‘ಕ್ರಿಸ್ಟೊಫರ್ ಕೊಲಂಬಸ್’ ಜನಪ್ರಿಯವಾಯಿತು. ಆದರೆ ತಾವೇ ಬರೆದುಕೊಟ್ಟ ಶೈಲಿಯಲ್ಲಿ ನುಡಿಸುವ ಮೇಳಗಳು ದೇಶದ ತುಂಬ ಇದ್ದಾಗ ಅವರ ಮೇಳ ಹಲವುಗಳಲ್ಲಿ ಒಂದಾಯಿತು. 1939ರಲ್ಲಿ ಅದನ್ನೂ ವಿಸರ್ಜಿಸಿದರು. 1940ರ ದಶಕದಲ್ಲಿ ಅವರು ಆಗಾಗ ಮೇಳಗಳನ್ನು ಕಟ್ಟಿ ನಡೆಸಿದರು. ಷಿಕಾಗೊದ ಕ್ಲಬ್ ಡಿಲೀಸಾದಲ್ಲಿ 1946-47ರ ಅವಧಿಯಲ್ಲಿ ಅವರೊಡನೆ ದುಡಿದ ತರುಣ ಪಿಯಾನೊ ವಾದಕ ಹರ್ಮನ್ ಬ್ಲೌಂಟ್, ಮುಂದೆ ಸನ್ ರಾ ಎಂಬ ಹೆಸರಿನಿಂದ ಪ್ರಸಿದ್ಧರಾದರು. ನವ್ಯಾತಿನವ್ಯ ಪ್ರಯೋಗಗಳಿಗೆ ಹೆಸರಾದ ಸನ್ ರಾ ತಮ್ಮ ಮೇಳದಲ್ಲಿ ಹೆಂಡರ್‌ಸನ್ ಕಾಲದ ರಚನೆಗಳನ್ನು 1980ರ ದಶಕದವರೆಗೂ ನುಡಿಸುತ್ತಿದ್ದರು.

1950ರ ಡಿಸೆಂಬರಿನಲ್ಲಿ ಹೆಂಡರ್‌ಸನ್ ಪಾರ್ಶ್ವವಾಯುವಿಗೆ ತುತ್ತಾದರು. ಅವರ ನೆರವಿಗಾಗಿ 1951ರಲ್ಲಿ ಗುಡ್‌ಮನ್ ತಮ್ಮ ಹಳೆಯ ಸಂಗಡಿಗರೊಡನೆ ಕಾರ್ಯಕ್ರಮ ನೀಡಿದರು. 1952ರ ಡಿಸೆಂಬರ್ 29ರಂದು ನ್ಯೂಯಾರ್ಕಿನಲ್ಲಿ ಹೆಂಡರ್‌ಸನ್ ನಿಧನರಾದರು. ಅಂತ್ಯಕ್ರಿಯೆ ಹುಟ್ಟೂರು ಕತ್‌ಬರ್ಟ್‌ನಲ್ಲಿ ನಡೆಯಿತು. 1961ರಲ್ಲಿ ಕೊಲಂಬಿಯಾ ಕಂಪನಿ ಅವರ ಧ್ವನಿಮುದ್ರಣಗಳನ್ನು ನಾಲ್ಕು ತಟ್ಟೆಗಳಲ್ಲಿ ಸಂಕಲಿಸಿ ಹೊರತಂದಾಗ ಅದಕ್ಕೆ ಹತಾಶೆಯ ಅಧ್ಯಯನವೆಂಬ ಅರ್ಥದ ಹೆಸರನ್ನಿಟ್ಟಿತು.

ಉಪಸಂಹಾರ

ಈ ವಿವೇಚನೆಯಿಂದ ಎರಡು ಮಾತುಗಳನ್ನು ಹೇಳಬಹುದು. ಮೊದಲನೆಯದು, ಮೌಖಿಕ ಮತ್ತು ಲಿಖಿತ ಪರಂಪರೆಗಳನ್ನು ಪರಸ್ಪರ ವಿರೋಧಿಗಳೆಂದು, ಅಥವಾ ಒಂದರ ನಂತರ ಒಂದು ಬರುವ ಘಟ್ಟಗಳೆಂದು ತಿಳಿಯುವುದು ಸರಿಯಲ್ಲ. ಹೆಂಡರ್‌ಸನ್ ಮೇಳದಲ್ಲಿ ಬರಹ ನೆನಪಾಯಿತು, ನೆನಪು ಬರಹವಾಯಿತು. ಸ್ವರಲಿಪಿ, ಕಿವಿ, ಗ್ರಾಮಾಫೋನ್ ತಟ್ಟೆ ಮೂರೂ ಒಂದೇ ಕಾಲದಲ್ಲಿ ವಾಹಕಗಳಾಗಿ ದುಡಿದವು. ಎರಡನೆಯದು, ಪಠ್ಯ ಉಳಿದರೆ ಪರಂಪರೆ ಉಳಿಯಿತು ಎಂಬ ಸಮಾಧಾನ ಅರ್ಧಸತ್ಯ ಮಾತ್ರ. ‘ಕಿಂಗ್ ಪೋರ್ಟರ್ ಸ್ಟಾಂಪ್’ ಉಳಿಯಿತು, ಬೆಳೆಯಿತು, ಲಕ್ಷಾಂತರ ಜನರನ್ನು ಕುಣಿಸಿತು. ಅದನ್ನು ರಾತ್ರಿಯಿಂದ ರಾತ್ರಿಗೆ ಕಟ್ಟಿದ ಮೇಳಕ್ಕೆ 1934ರ ನವೆಂಬರಿನಲ್ಲಿ ಕೆಲಸವಿರಲಿಲ್ಲ. ಪ್ರದರ್ಶನ ಕಲೆಗಳ ಸಂಗ್ರಹ, ದಾಖಲಾತಿ, ಪ್ರಕಟಣೆಗಳಲ್ಲಿ ತೊಡಗಿದವರು ಪಠ್ಯದ ಜೊತೆಗೆ ಕಲಾವಿದರ ಹೆಸರು, ಹಕ್ಕು ಮತ್ತು ಜೀವನೋಪಾಯವನ್ನೂ ತಮ್ಮ ಕೆಲಸದ ಭಾಗವೆಂದು ಪರಿಗಣಿಸಬೇಕಾದ ಅಗತ್ಯವನ್ನು ಈ ಮೇಳದ ಚರಿತ್ರೆ ಸ್ಪಷ್ಟಪಡಿಸುತ್ತದೆ.